ಪಟದ ಬೆನ್ನಿನ ಹೆಸರುಗಳು

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾದೊಡನೆ ಅಟ್ಟದ ಪೆಟ್ಟಿಗೆಗಳನ್ನು ಕೆಳಗಿಳಿಸಿ ತೆರೆದಿಡುವುದು ನಮ್ಮ ಕಡೆಯ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಪಟ್ಟೆಸೀರೆ, ತಾಳೆಗರಿಯ ಕಟ್ಟು, ಜಮೀನಿನ ಕಾಗದಪತ್ರ, ಹಿರಿಯರ ಜಾತಕ, ಎಲ್ಲವೂ ಒಂದು ದಿನ ಚಾವಡಿಯಲ್ಲಿ ಗಾಳಿಗೆ ಮೈಯೊಡ್ಡುತ್ತವೆ. ಕಳೆದ ತುಲಾ ಮಾಸದಲ್ಲಿ ಹೀಗೆ ಒಂದು ತಗಡಿನ ಪೆಟ್ಟಿಗೆಯನ್ನು ತೆರೆದಾಗ, ಅದರ ತಳದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಛಾಯಾಚಿತ್ರ ನಮಗೆ ದೊರೆಯಿತು. ಹೆಂಚಿನ ಮಾಡಿನ ಪ್ರಾಥಮಿಕ ಶಾಲೆಯೊಂದರ ಮುಂದೆ ಸಾಲಾಗಿ ನಿಂತ, ಕುಳಿತ ಮಕ್ಕಳು. ನಡುವೆ ಕುರ್ಚಿಗಳಲ್ಲಿ ಇಬ್ಬರು ಅಧ್ಯಾಪಕರು. ರಟ್ಟಿನ ಬೆನ್ನಿನಲ್ಲಿ 1951 ಎಂಬ ಇಸವಿ. ಅದರ ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ತೊಡಗಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಮಕ್ಕಳ ಹೆಸರುಗಳ ಪಟ್ಟಿ.

ನಮ್ಮ ಬಳಿ ಕುಳಿತಿದ್ದ ತಮ್ಮನ ಮೊಮ್ಮಗಳು ಆ ಪಟವನ್ನು ಹಿಂದುಮುಂದು ತಿರುಗಿಸಿ ನೋಡಿ, “ದೊಡ್ಡಜ್ಜ, ಇದರಲ್ಲಿ ಎಂತ ಬರೆದದ್ದು?” ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಓದುವ ಹುಡುಗಿ. ಮಲೆಯಾಳವನ್ನೂ ಇಂಗ್ಲಿಷನ್ನೂ ತಡವರಿಸದೆ ಓದುತ್ತಾಳೆ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಅದರ ಅಕ್ಷರಗಳ ಪರಿಚಯ ಅವಳಿಗಾಗಲಿಲ್ಲ. ನಾವು ಒಂದೊಂದೇ ಹೆಸರನ್ನು ಓದಿದೆವು. ಅವಳು ಒಂದೊಂದೇ ಮುಖದ ಮೇಲೆ ಬೆರಳಿಟ್ಟಳು. ಕೊನೆಯಲ್ಲಿ ಅವಳೆಂದಳು: “ಹೆಸರು ಇಪ್ಪತ್ತಮೂರು, ಮಕ್ಕಳು ಇಪ್ಪತ್ತನಾಲ್ಕು. ಈ ಕೊನೆಯವನಿಗೆ ಹೆಸರೇ ಇಲ್ಲ.”

ನಿಜವಾಗಿತ್ತು. ಬಲಗಡೆಯ ತುದಿಯಲ್ಲಿ, ಸಾಲಿನಿಂದ ಗೇಣಗಲ ದೂರದಲ್ಲಿ, ಅಂಗಿಯಿಲ್ಲದ ಒಬ್ಬ ಹುಡುಗ ಕೈಕಟ್ಟಿ ನಿಂತಿದ್ದ. ಎಪ್ಪತ್ತು ವರುಷಕ್ಕೂ ಮೇಲ್ಪಟ್ಟು ಅವನು ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇದ್ದ. ನಾವು ಅವನನ್ನು ಎಣಿಸಿರಲಿಲ್ಲ.

ಈ ಲೇಖನಕ್ಕೆ ಆ ಎರಡು ಮಾತುಗಳೇ ಪ್ರೇರಣೆ. ಹಳೆಯ ಪಟಗಳು ಊರಿನ ಚರಿತ್ರೆಯನ್ನು ಕಾಪಾಡುತ್ತವೆಂದು ನಾವೆಲ್ಲ ಹೇಳುತ್ತೇವೆ. ಆದರೆ ಪಟವು ಕಾಪಾಡುವುದು ಮುಖವನ್ನು ಮಾತ್ರ. ಆ ಮುಖ ಯಾರದೆಂಬುದನ್ನು ಕಾಪಾಡುವುದು ಬೆನ್ನಿನ ಬರಹ. ಕಾಸರಗೋಡಿನಂಥ ಗಡಿನಾಡಿನಲ್ಲಿ ಆ ಬರಹವನ್ನು ಓದಬಲ್ಲವರೇ ವಿರಳವಾಗುತ್ತಿರುವಾಗ, ಪೆಟ್ಟಿಗೆಯಲ್ಲಿ ಭದ್ರವಾಗಿರುವ ಪಟವೂ ಕಳೆದುಹೋದಂತೆಯೇ.

ಪಟ ಬಂದ ದಾರಿ

ಛಾಯಾಗ್ರಹಣ ವಿದ್ಯೆ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಅದು ಹಡಗೇರಿ ಭಾರತಕ್ಕೆ ಬರಲು ಬಹುಕಾಲ ಹಿಡಿಯಲಿಲ್ಲ. 1856ರಲ್ಲಿ ಮದ್ರಾಸು ಸರಕಾರ ಲಿನೀಯಸ್ ಟ್ರೈಪ್ ಎಂಬ ಸೇನಾಧಿಕಾರಿಯನ್ನು ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಮಧುರೆ, ತಂಜಾವೂರುಗಳ ದೇವಾಲಯಗಳನ್ನು ಆತ ಚಿತ್ರಿಸಿದ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆ ಕಾಲದಲ್ಲಿ ಮದ್ರಾಸು ಪ್ರಾಂತಕ್ಕೇ ಸೇರಿದ್ದು, ಕಾಸರಗೋಡು ಆ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿತ್ತು.

ಕರಾವಳಿಯ ಪಾಲಿಗೆ ಛಾಯಾಚಿತ್ರದ ದೊಡ್ಡ ಭಂಡಾರವನ್ನು ಉಳಿಸಿಕೊಟ್ಟವರು ಬಾಸೆಲ್ ಮಿಶನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನರಿಗಳು ಶಾಲೆ, ಅಚ್ಚುಕೂಟ, ನೇಯ್ಗೆಯ ಕಾರ್ಖಾನೆಗಳನ್ನು ತೆರೆದುದೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಹೂಡಿದುದೂ ವಾಚಕರಿಗೆ ಗೊತ್ತಿರುವ ಸಂಗತಿ. ಕಾಸರಗೋಡು ಪೇಟೆಯ ಬಿ.ಇ.ಎಂ. ಶಾಲೆಯ ಹೆಸರಿನೊಳಗೆ ಅಡಗಿರುವುದು ಈ ಬಾಸೆಲ್ ಇವಾಂಜೆಲಿಕಲ್ ಮಿಶನ್ ಎಂಬ ಹೆಸರೇ. ತಾವು ಮಾಡಿದ ಕೆಲಸವನ್ನು ತಮ್ಮ ನಾಡಿನವರಿಗೆ ತೋರಿಸಲೆಂದು ಅವರು ಕಳುಹಿಸಿದ ಪಟಗಳೆಲ್ಲ ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ಶೇಖರವಾದವು. ಕರಾವಳಿಯ ನಮ್ಮ ಅಜ್ಜಂದಿರ ಕಾಲದ ಬೀದಿ, ಶಾಲೆ, ಕಸುಬುಗಳ ದೃಶ್ಯಗಳು ಊರಲ್ಲಿ ಅಳಿದುಹೋದರೂ ಆಲ್ಪ್ಸ್ ಪರ್ವತದ ಆಚೆ ಉಳಿದುಕೊಂಡವು. ಇಂದು ಆ ಭಂಡಾರದ ಬಹುಭಾಗವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು.

ಹಾಗೆ ನೋಡುವವರಿಗೆ ಸಂತೋಷದೊಡನೆ ಒಂದು ಕೊರತೆಯೂ ಎದುರಾಗುತ್ತದೆ. ಆ ಕಾಲದ ಹೊರಗಿನವರ ಪಟಗಳಲ್ಲಿ ಮಿಶನರಿಯ ಹೆಸರು ಇರುತ್ತದೆ. ಎದುರು ನಿಂತ ನಮ್ಮವರು ಬಹಳ ಸಲ ‘ಕೂಲಿಯಾಳು’, ‘ಹೆಂಗಸು’, ‘ಇಂಥ ಜಾತಿಯವ’ ಎಂಬಲ್ಲಿಗೆ ಮುಗಿಯುತ್ತಾರೆ. ಮದ್ರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ಸಹಾಯದಿಂದ 1909ರಲ್ಲಿ ಏಳು ಸಂಪುಟಗಳಾಗಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಇದೇ ಕ್ರಮ. ನಮ್ಮ ತುಳುನಾಡಿನ ನಲ್ಕೆಯವರು ಅಣಿ ಕಟ್ಟಿ ನಿಂತ ಚಿತ್ರ ಅದರಲ್ಲಿದೆ. ಅದರಡಿಯಲ್ಲಿ ಜಾತಿಯ ಹೆಸರಿದೆ, ವ್ಯಕ್ತಿಯ ಹೆಸರಿಲ್ಲ. ದೈವಾರಾಧನೆಯನ್ನು ‘ದೆವ್ವದ ಪೂಜೆ’ ಎಂದು ಕರೆದ ಕಾಲವದು. ಒಂದು ರಾತ್ರಿ ಇಡೀ ಊರೇ ಕೈಮುಗಿದು ಯಾರ ನುಡಿಯನ್ನು ಕೇಳುತ್ತಿತ್ತೋ ಆ ಮನುಷ್ಯ ಗ್ರಂಥದಲ್ಲಿ ಒಂದು ಮಾದರಿಯಾಗಿ ಮಾತ್ರ ಉಳಿದ. ಪಟ ಭದ್ರವಾಗಿದೆ, ಅವನು ಕಳೆದುಹೋಗಿದ್ದಾನೆ.

ಚಾವಡಿಯ ಗೋಡೆ

ಮನೆಯ ಪಟಗಳ ದಾರಿ ಬೇರೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಕಾಸರಗೋಡು, ಕುಂಬಳೆ, ಮಂಜೇಶ್ವರಗಳಿಂದ ಮಂಗಳೂರಿಗೆ ಹೋಗಿಬರುವುದು ಒಂದು ದಿನದ ಕೆಲಸವಾಯಿತು. ಕೋರ್ಟು ಕೆಲಸಕ್ಕೋ ಜವುಳಿ ವ್ಯಾಪಾರಕ್ಕೋ ಹೋದವರು ಸ್ಟುಡಿಯೋ ಹೊಕ್ಕು ‘ಒಂದು ಪಟ ತೆಗೆಸಿ’ ಬರುವ ರೂಢಿ ಕ್ರಮೇಣ ಬೆಳೆಯಿತು. ಬಣ್ಣದ ಪರದೆಯ ಮುಂದೆ ಕುರ್ಚಿ, ಪಕ್ಕದಲ್ಲಿ ಹೂದಾನಿ. ಕೋಟು ಸ್ಟುಡಿಯೋದ್ದು, ಮುಂಡಾಸು ಸ್ವಂತದ್ದು. ಕದಲಬೇಡಿ ಎಂಬ ಅಪ್ಪಣೆಗೆ ಹೆದರಿ ಕಲ್ಲಾದ ಮುಖಗಳನ್ನು ನಮ್ಮ ಎಷ್ಟು ಚಾವಡಿಗಳಲ್ಲಿ ನಾವು ಕಂಡಿಲ್ಲ! ಆಮೇಲೆ ಮದುವೆಯ ಗ್ರೂಪು ಫೋಟೋ ಬಂತು. ಶಾಲೆಯ ವಾರ್ಷಿಕೋತ್ಸವದ ಫೋಟೋ ಬಂತು. ಬಯಲಾಟದ ಮೇಳದವರನ್ನು ಹಗಲಿನಲ್ಲಿ ವೇಷ ಕಟ್ಟಿಸಿ ನಿಲ್ಲಿಸಿ ತೆಗೆದ ಫೋಟೋ ಬಂತು. ಮುಂಬಯಿಗೆ ಹೋಟೆಲಿನ ಕೆಲಸಕ್ಕೆ ಹೋದ ಅಣ್ಣಂದಿರೂ, 1970ರ ದಶಕದಿಂದ ಕೊಲ್ಲಿ ನಾಡುಗಳಿಗೆ ಹೋದ ತಮ್ಮಂದಿರೂ ಕಾಗದದೊಳಗೆ ಮಡಚಿ ಕಳುಹಿಸಿದ ಪಟಗಳು ಬಂದವು.

ಇಂಥ ಪಟವನ್ನು ಓದಲು ಬಲ್ಲವನಿಗೆ ಅದು ಗ್ರಂಥಕ್ಕೆ ಕಡಿಮೆಯಲ್ಲ. ಮುಖ್ಯ ವ್ಯಕ್ತಿಗಳನ್ನು ಬಿಟ್ಟು ಬದಿಗಳನ್ನು ನೋಡಬೇಕು. ಮಾಡು ಮುಳಿಹುಲ್ಲಿನದೋ ಹೆಂಚಿನದೋ? ಹೆಂಚಾಗಿದ್ದರೆ ಮನೆಯೊಡೆಯನ ಕೈಯಲ್ಲಿ ನಗದು ಓಡಾಡುತ್ತಿತ್ತೆಂದು ಊಹಿಸಬಹುದು. ಅಂಗಳದಲ್ಲಿ ಭತ್ತದ ತುಪ್ಪೆ ಇದೆಯೋ ಅಡಕೆ ಹರಡಿದೆಯೋ? ಗದ್ದೆಯ ಬೇಸಾಯ ಹಿಂದೆ ಸರಿದು ತೋಟ ಮುಂದೆ ಬಂದ ಕಥೆ ಅಲ್ಲಿದೆ. ಹಿಂದೆ ನಿಂತ ಆಳಿನ ತಲೆಯ ಮೇಲಿನ ಹಾಳೆಯ ಮುಟ್ಟಾಳೆ, ಗೋಡೆಗೆ ಒರಗಿಸಿಟ್ಟ ಗೊರಬೆ, ಹೆಂಗಸರ ಕಿವಿಯ ಓಲೆ, ಮಕ್ಕಳ ಬರಿಗಾಲು, ಇವುಗಳನ್ನು ಯಾವ ಸರಕಾರಿ ಗೆಜೆಟಿಯರೂ ಇಷ್ಟು ನಿಚ್ಚಳವಾಗಿ ಹೇಳಲಾರದು. ಫೋಟೋದವನು ಇವನ್ನು ತೆಗೆಯಬೇಕೆಂದು ತೆಗೆದುದಲ್ಲ. ಕ್ಯಾಮೆರಾ ಬದಿಯಲ್ಲಿದ್ದುದನ್ನು ಬಿಟ್ಟುಬಿಡಲು ಅರಿಯದು, ಅಷ್ಟೆ.

ಆಂಗ್ಲರ ಒಂದು ಜಿಲ್ಲೆಯಲ್ಲಿ

ಊರಿನ ಪಟಗಳನ್ನು ಒಟ್ಟುಗೂಡಿಸಿ ಮುಂದಿನವರಿಗೆ ಬಿಡಬೇಕೆಂಬ ಯೋಚನೆ ಹೊಸತಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೆರೋಮ್ ಹ್ಯಾರಿಸನ್ ಎಂಬ ಅಧ್ಯಾಪಕರು 1889ರಲ್ಲಿ ಒಂದು ಸಲಹೆ ಮುಂದಿಟ್ಟರು: ಹವ್ಯಾಸಿ ಛಾಯಾಗ್ರಾಹಕರೆಲ್ಲ ಸೇರಿ ತಮ್ಮ ಜಿಲ್ಲೆಯನ್ನು ಊರೂರಾಗಿ ಹಂಚಿಕೊಂಡು ಚಿತ್ರಿಸಿಡಬೇಕು. ಮರುವರ್ಷವೇ ವಾರಿಕ್‌ಶೈರ್ ಜಿಲ್ಲೆಯ ಛಾಯಾಚಿತ್ರ ಸರ್ವೇಕ್ಷಣೆ ಆರಂಭವಾಯಿತು. ಅದರಲ್ಲಿ ಮುಂದಾಳಾಗಿದ್ದ ಸರ್ ಬೆಂಜಮಿನ್ ಸ್ಟೋನ್ 1897ರಲ್ಲಿ ಇಡೀ ದೇಶಕ್ಕೆ ಇಂಥದೇ ಒಂದು ಸಂಘವನ್ನು ಕಟ್ಟಿದರು. 1910ರಲ್ಲಿ ಆ ಸಂಘ ಮುಚ್ಚುವುದರೊಳಗೆ ಸಾವಿರಾರು ಪಟಗಳು ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದ್ದವು. ಇವರೆಲ್ಲರ ದೊಡ್ಡ ಹಟ ಎರಡು: ಅಚ್ಚು ಬೇಗ ಮಾಸದ ವಿಧಾನದ್ದಾಗಿರಬೇಕು, ಮತ್ತು ಪಟದೊಡನೆ ಸ್ಥಳ, ದಿನ, ವಿಷಯಗಳ ವಿವರ ಇರಬೇಕು. ಮುಖ ಹೇಳದ್ದನ್ನು ಬರಹ ಹೇಳಬೇಕೆಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

ನಮ್ಮ ದೇಶದಲ್ಲಿಯೂ ಈಚಿನ ವರ್ಷಗಳಲ್ಲಿ ಇಂಥ ಕೆಲಸ ನಡೆದಿದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಪಟಗಳನ್ನು ಹುಡುಕಿ ಪ್ರತಿ ಮಾಡಿದರು. ಅನುಷಾ ಯಾದವ್ ಅವರು 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಸಾಮಾನ್ಯ ಮನೆಗಳ ಪಟಗಳನ್ನು ಮನೆಯವರೇ ಹೇಳಿದ ಕಥೆಯೊಡನೆ ಅಂತರ್ಜಾಲದಲ್ಲಿ ಕೂಡಿಹಾಕಿತು. ಅದರಲ್ಲಿ ಕಥೆ ಇಲ್ಲದ ಪಟಕ್ಕೆ ಎಡೆಯಿಲ್ಲ. ನಮ್ಮ ಕಡೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಪ್ರೊ. ಕು.ಶಿ. ಹರಿದಾಸ ಭಟ್ಟರು ಬೆಳೆಸಿದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಹಾಗೂ ಜನಪದ ರಂಗಕಲೆಗಳ ಕೇಂದ್ರಗಳು ಕರಾವಳಿಯ ಕಲೆಗಳ ಧ್ವನಿ ಮತ್ತು ಚಿತ್ರಗಳ ದಾಖಲೆಗೆ ಮಾದರಿ ಹಾಕಿಕೊಟ್ಟವು. ಆ ಹೆಸರು ನಮ್ಮ ಮಂಜೇಶ್ವರದ್ದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಸರಿದ್ದ ಪಟದ ಬಲ

ಹೆಸರಿನೊಡನೆ ಉಳಿದ ಪಟ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಗಳಿವೆ. ಮಂಜೇಶ್ವರದ ಗೋವಿಂದ ಪೈಗಳು (1883–1963) 1949ರಲ್ಲಿ ಮದ್ರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದವರು. ಕನ್ನಡ ಪಠ್ಯಪುಸ್ತಕದಲ್ಲಿ ಅವರ ಭಾವಚಿತ್ರ ಕಂಡ ಬೀದರಿನ ಹುಡುಗನಿಗೂ ಮಂಜೇಶ್ವರ ಎಂಬ ಊರು ಗೊತ್ತು. ಪೆರಡಾಲದಲ್ಲಿ ಅಧ್ಯಾಪಕರಾಗಿ, ಕಾಸರಗೋಡಿನ ಕನ್ನಡದ ದನಿಯಾಗಿ ನೂರು ತುಂಬಿ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಪಟಕ್ಕೂ ಅದೇ ಬಲ. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಹೂಡಿದ ದಾವೆಗೆ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ ಮೂಲಭೂತ ಸ್ವರೂಪವನ್ನು ಬದಲಿಸಲಾಗದೆಂದು ಸಾರಿದ ಆ ತೀರ್ಪನ್ನು ಓದದ ಕಾನೂನು ವಿದ್ಯಾರ್ಥಿ ಈ ದೇಶದಲ್ಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸ್ವಾಮಿಗಳು ಬ್ರಹ್ಮೈಕ್ಯರಾದಾಗ ದಿಲ್ಲಿಯ ಪತ್ರಿಕೆಗಳು ಅವರ ಪಟವನ್ನು ಅಚ್ಚುಹಾಕಿ ಎಡನೀರಿನ ಹೆಸರನ್ನು ಬರೆದವು.

ಇನ್ನೊಂದು ಉದಾಹರಣೆಗೆ ವಾಚಕರು ನಗಬಹುದು. ಕುಂಬಳೆಯ ಬಳಿಯ ಅನಂತಪುರದ ಸರೋವರ ಕ್ಷೇತ್ರದಲ್ಲಿ ನೈವೇದ್ಯದ ಅನ್ನ ಉಣ್ಣುತ್ತಿದ್ದ ಮೊಸಳೆ ಬಬಿಯ 2022ರ ಅಕ್ಟೋಬರ 9ರಂದು ಸತ್ತಾಗ ಅದರ ಪಟ ದೇಶವಿದೇಶಗಳಲ್ಲಿ ಹರಡಿತು; ಭಕ್ತರು ಸಾಲುಗಟ್ಟಿ ಬಂದು ಹೂವಿಟ್ಟರು. ಎಲ್ಲ ಪಟಗಳ ಅಡಿಯಲ್ಲಿಯೂ ಹೆಸರು ಸರಿಯಾಗಿಯೇ ಇತ್ತು. ಬಬಿಯನಿಗೆ ಸಂದ ಈ ಮರ್ಯಾದೆ ನಮ್ಮ ಚಾವಡಿಯ ಗೋಡೆಯ ಮುತ್ತಜ್ಜಿಗೆ ಸಂದಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ‘ಅಪ್ಪನ ಅಜ್ಜಿ’ ಎಂಬಲ್ಲಿಗೆ ಅನೇಕ ಮನೆಗಳಲ್ಲಿ ಆಕೆಯ ಪರಿಚಯ ಮುಗಿಯುತ್ತದೆ.

ಮಧೂರಿನ ಮೂರು ಸೇವೆಗಳು

ಪಟಗಳ ಆಯುಷ್ಯದ ಪಾಠವನ್ನು ಕಲಿಯಲು ಮಧೂರಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಗಜಪೃಷ್ಠದ ಮಾಡಿನ ಈ ಕ್ಷೇತ್ರದಲ್ಲಿ ಮೂಡಪ್ಪ ಸೇವೆಯೆಂಬ ಮಹಾಸೇವೆ ತಲೆಮಾರಿಗೊಮ್ಮೆ ಮಾತ್ರ ನಡೆಯುವಂಥದು. ಬಹುಕಾಲದ ಅನಂತರ ಅದು 1962ರಲ್ಲಿ ಜರಗಿತು, ಮತ್ತೆ 1992ರಲ್ಲಿ, ಮತ್ತೆ 2025ರಲ್ಲಿ. ಹೀಗೆ ಒಂದೇ ದೇವರ ಒಂದೇ ಸೇವೆ ಛಾಯಾಗ್ರಹಣದ ಮೂರು ಯುಗಗಳಲ್ಲಿ ನಡೆದಂತಾಯಿತು.

1962ರ ಕಾಲ ಕಪ್ಪುಬಿಳುಪಿನದು. ಒಂದು ಸುರುಳಿಯಲ್ಲಿ ಹನ್ನೆರಡು ಪಟ, ಸುರುಳಿ ತುಟ್ಟಿ, ಆದುದರಿಂದ ಒಂದೊಂದನ್ನೂ ಯೋಚಿಸಿ ತೆಗೆಯುತ್ತಿದ್ದರು, ತೆಗೆದದ್ದರ ಬೆನ್ನಿಗೆ ಬರೆಯುತ್ತಿದ್ದರು. ಕಪ್ಪುಬಿಳುಪಿನ ಪಟದಲ್ಲಿ ಬಿಂಬವಾಗಿ ನಿಲ್ಲುವುದು ಬೆಳ್ಳಿಯ ಕಣ. ಸರಿಯಾಗಿ ತೊಳೆದ ಪಟವಾದರೆ ಅದು ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ. 1992ರ ಕಾಲ ಬಣ್ಣದ ಫಿಲ್ಮಿನದು. ಬಣ್ಣದ ಪಟದಲ್ಲಿರುವುದು ಬೆಳ್ಳಿಯಲ್ಲ, ರಾಸಾಯನಿಕ ವರ್ಣ. ಕಾಲ ಸಂದಂತೆ ಒಂದು ಬಣ್ಣ ಇನ್ನೊಂದಕ್ಕಿಂತ ಮೊದಲೇ ಮಾಸಿ, ಹಸಿರು ತೋಟವೂ ನೀಲಿಯ ಆಕಾಶವೂ ಕೆಂಪಿಗೆ ತಿರುಗುತ್ತವೆ. ಆ ಕಾಲದ ಮದುವೆಯ ಆಲ್ಬಮ್ಮುಗಳನ್ನು ತೆರೆದು ನೋಡಿದವರಿಗೆ ಇದು ಕಾಣುವಂಥ ಸಂಗತಿಯೇ. ಅಜ್ಜನ ಮದುವೆ ಸ್ಪಷ್ಟವಾಗಿದ್ದು ಮಗನ ಮದುವೆ ಮಸುಕಾಗಿರುವ ವಿಚಿತ್ರ ಹೀಗೆ ಒದಗಿದೆ.

2025ರಲ್ಲಿಯಂತೂ ಕೈಯಲ್ಲಿ ಮೊಬೈಲು ಇಲ್ಲದವರೇ ವಿರಳ. ಎಷ್ಟು ಪಟಗಳನ್ನು ತೆಗೆದರೋ ಆ ವಿನಾಯಕನೇ ಬಲ್ಲ. ಆದರೆ ಮೊಬೈಲಿನ ಪಟಕ್ಕೆ ಬೆನ್ನಿಲ್ಲ. ಬರೆದಿಡಲು ಜಾಗವಿಲ್ಲದ ಸಾವಿರ ಪಟಗಳ ನಡುವೆ ಬೇಕಾದ ಒಂದು ಪಟ ಎಲ್ಲಿದೆಯೆಂದು ಮರುವರ್ಷವೇ ತಿಳಿಯದು. ಉಪಕರಣ ಕೆಟ್ಟರೆ ಎಲ್ಲವೂ ಒಮ್ಮೆಗೇ ಹೋಯಿತು. ಮುಂದಿನ ಮೂಡಪ್ಪ ಸೇವೆಯ ಕಾಲಕ್ಕೆ ಈ ಮೂರರಲ್ಲಿ ಯಾವುದು ಉಳಿದಿರುವುದೆಂದು ಪಂದ್ಯ ಕಟ್ಟುವುದಾದರೆ, ನಾವು 1962ರ ಪರವಾಗಿಯೇ ಕಟ್ಟುವೆವು.

ಪಟವಿಲ್ಲದವರು

ಇಷ್ಟು ಹೇಳಿದ ಮೇಲೆ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಗೋಡೆಯ ಮೇಲೆ ಪಟವಿರುವುದು ಉಳ್ಳವರ ಮನೆಗಳಲ್ಲಿ. ಬೀಡಿ ಕಟ್ಟಿದ ಹೆಂಗಸರು, ಬುಟ್ಟಿ ಹೆಣೆದ ಕೊರಗರು, ಗದ್ದೆ ಉತ್ತ ಒಕ್ಕಲುಗಳು ಸ್ಟುಡಿಯೋ ಹೊಕ್ಕವರಲ್ಲ. ಅವರು ನಮ್ಮ ಪಟಗಳಲ್ಲಿದ್ದಾರೆ, ಆದರೆ ಬದಿಯಲ್ಲಿದ್ದಾರೆ. ಅರ್ಧ ಕತ್ತರಿಸಿಹೋಗಿ, ಹೆಸರಿಲ್ಲದೆ ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳಿಗೆ ಹಿರಿಯರ ಮುಖ ನೋಡಬೇಕಾದರೆ ನಮ್ಮ ಪೆಟ್ಟಿಗೆಗಳನ್ನೇ ತೆರೆಯಬೇಕಾಗಬಹುದು. ಹೀಗೆ ಪ್ರತಿಯೊಂದು ಹಳೆಯ ಮನೆಯ ಪಟವೂ ಬೇರೊಬ್ಬರ ಆಸ್ತಿಯನ್ನು ಒಳಗಿಟ್ಟುಕೊಂಡಿದೆ.

ಪಟ ನ್ಯಾಯಕ್ಕೂ ಸಾಕ್ಷಿಯಾಗಬಲ್ಲುದೆಂಬುದನ್ನು ಎಣ್ಮಕಜೆಯ ಪಡ್ರೆ ಗ್ರಾಮ ಕಂಡಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಒಡೆತನದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಊನವಾಗಿ ಹುಟ್ಟಿದ ಕರುಗಳ ವಿಷಯವನ್ನು ಪತ್ರಕರ್ತ ಶ್ರೀ ಪಡ್ರೆಯವರು ಮೊದಲು ಬರೆದಾಗ ಕೇಳಿದವರು ಕಡಿಮೆ. ಬಳಿಕ ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜರಂಥವರು ತೆಗೆದ ಮಕ್ಕಳ ಪಟಗಳು ಲೋಕವನ್ನು ನಿಲ್ಲಿಸಿ ನೋಡಿಸಿದವು. 2011ರ ಏಪ್ರಿಲಿನಲ್ಲಿ ಜಿನೀವಾದ 'ಸ್ಟಾಕ್‌ಹೋಮ್ ಒಪ್ಪಂದ'ದ ಸಭೆ ಆ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟೂ ತಡೆ ನೀಡಿತು. ಆ ಪಟಗಳಿಗೆ ನಾವು ಋಣಿಗಳು. ಆದರೂ ನೋವಿನ ಪಟ ಪದೇ ಪದೇ ಅಚ್ಚಾದಾಗ, ಅಲ್ಲಿರುವುದು ಒಂದು ಮನೆಯ ಮಗು, ಅದನ್ನು ತಾಯಿ ಹೆಸರಿಟ್ಟು ಕರೆಯುತ್ತಿದ್ದಳು ಎಂಬುದು ನೋಡುವವರ ಮನಸ್ಸಿನಿಂದ ಜಾರಿಹೋಗದಿರಲಿ.

ಗಡಿ ಮತ್ತು ಬರಹ

1956ರ ನವಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕುದೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತಾದರೂ ಅದು ಜಾರಿಯಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈ ಇತಿಹಾಸವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಹೇಳಬೇಕಾದುದಿಷ್ಟೆ: 1956ಕ್ಕೆ ಮೊದಲಿನ ನಮ್ಮ ಪಟಗಳ ಬೆನ್ನುಬರಹವೆಲ್ಲ ಹೆಚ್ಚಾಗಿ ಕನ್ನಡದಲ್ಲಿದೆ; ಅವುಗಳ ವಾರಸುದಾರರಲ್ಲಿ ಅನೇಕರು ಇಂದು ಕನ್ನಡ ಓದುವುದಿಲ್ಲ. ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ನಡೆಯುತ್ತಿವೆ, ನಿಜ. ಆದರೆ ಉದ್ಯೋಗದ ದಾರಿ ನೋಡಿ ಮಕ್ಕಳನ್ನು ಬೇರೆಡೆಗೆ ಕಳುಹಿಸಿದ ಹೆತ್ತವರನ್ನು ಹಳಿಯುವುದಾದರೆ ನಾವು ಮೊದಲು ನಮ್ಮ ಮನೆಯಿಂದಲೇ ಆರಂಭಿಸಬೇಕಾದೀತು.

ಊರಿನ ಹೆಸರಿಗೂ ಇದೇ ಮಾತು. 2021ರಲ್ಲಿ ಇಲ್ಲಿನ ಗ್ರಾಮನಾಮಗಳನ್ನು ಮಲೆಯಾಳದ ರೂಪಕ್ಕೆ ಬದಲಿಸುತ್ತಾರೆಂಬ ಸುದ್ದಿ ಹಬ್ಬಿ, ಗಡಿಯ ಎರಡು ಕಡೆಯೂ ಮಾತು ಬೆಳೆಯಿತು. ಅಂಥ ಪ್ರಸ್ತಾಪವಿಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಇಂಥ ವಾದಗಳಲ್ಲಿ ಏರುದನಿಗಿಂತ ಹೆಚ್ಚು ಬೆಲೆ ಬಾಳುವುದು ಒಂದು ಹಳೆಯ ಪಟ. ಅಂಗಡಿಯ ಹಲಗೆ, ಶಾಲೆಯ ಫಲಕ, ಮೇಳದ ಪರದೆ, ಇವುಗಳ ಮೇಲೆ ಊರಿನ ಹೆಸರು ಹೇಗೆ ಬರೆದಿತ್ತೆಂಬುದನ್ನು ಅದು ಯಾರ ಪಕ್ಷವನ್ನೂ ವಹಿಸದೆ ಹೇಳುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಸರಕಾರವೋ ಅಕಾಡೆಮಿಯೋ ಮಾಡಲಿ ಎಂದು ಕಾಯುತ್ತ ಕುಳಿತರೆ ಈ ವರ್ಷದ ಮಳೆಗಾಲ ಕಾಯುವುದಿಲ್ಲ. ನಮ್ಮ ಕರಾವಳಿಯ ತೇವ ಪಟಗಳ ಮೊದಲ ವೈರಿ. ಪಟದ ಮೇಲ್ಪದರ ಜಿಲಟಿನ್ನಿನದು. ಅದು ತೇವ ಹೀರುತ್ತದೆ, ಬೂಸಲು ಅದನ್ನು ತಿನ್ನುತ್ತದೆ, ಬೆಳ್ಳಿಮೀನೆಂಬ ಹುಳು ಉಳಿದುದನ್ನು ಮುಗಿಸುತ್ತದೆ. ಆದುದರಿಂದ ಪಟಗಳನ್ನು ಅಟ್ಟದಲ್ಲಿಯೂ ಹೊರಗೋಡೆಗೆ ತಾಗಿಯೂ ಇಡಬಾರದು. ಮನೆಯ ಒಳಗಿನ ಒಣ ಕಪಾಟು ಮೇಲು. ಮಳೆ ಮುಗಿದ ಮೇಲೆ ನೆರಳಿನ ಗಾಳಿಯಲ್ಲಿ ಬಿಡಿಸಿಡಬೇಕೇ ಹೊರತು ಸೀರೆಯಂತೆ ಬಿಸಿಲಿಗೆ ಹಾಕಬಾರದು. ಗಾಜಿಗೆ ಅಂಟಿಕೊಂಡ ಪಟವನ್ನು ಕೀಳಲು ಹೋಗಬಾರದು. ಗಾಜಿನೊಡನೆಯೇ ಅದರ ಪ್ರತಿ ತೆಗೆಯಬೇಕು. ಅಂಟುಹಾಳೆಯ ಆಲ್ಬಮ್ಮುಗಳು ಕಾಲಕ್ರಮದಲ್ಲಿ ಪಟವನ್ನು ಹಳದಿ ಮಾಡುತ್ತವೆ. ಆಮ್ಲರಹಿತ ಕಾಗದದ ಲಕೋಟೆಯೇ ಲೇಸು. ಲ್ಯಾಮಿನೇಶನ್ ಎಂದಿಗೂ ಬೇಡ. ಒಮ್ಮೆ ಮಾಡಿದರೆ ಬಿಡಿಸುವಂತಿಲ್ಲ.

ಬರೆಯುವುದಕ್ಕೆ ಮೆತ್ತನೆಯ ಪೆನ್ಸಿಲು ಬೇಕು. ಬಾಲ್ ಪೆನ್ನು ಮುಖದ ಕಡೆಗೆ ಒತ್ತಿ ಮೂಡುತ್ತದೆ, ಶಾಯಿ ಹರಡುತ್ತದೆ. ನುಣುಪು ಕಾಗದದ ಬಣ್ಣದ ಪಟವಾದರೆ ಪೆನ್ಸಿಲು ಹತ್ತದು. ಆಗ ಲಕೋಟೆಯ ಮೇಲೆ ಬರೆದು ಅನಂತರ ಪಟವನ್ನು ಒಳಗಿಡಬೇಕು. ಗ್ರೂಪು ಫೋಟೋ ಆಗಿದ್ದರೆ ಅದರ ಪ್ರತಿಯ ಮೇಲೆ ತೆಳುಕಾಗದವಿಟ್ಟು ತಲೆಗಳ ಆಕಾರವನ್ನಷ್ಟೆ ಬರೆದು, ಒಂದೊಂದಕ್ಕೆ ಸಂಖ್ಯೆ ಕೊಟ್ಟು ಹೆಸರು ತುಂಬಿದರೆ ಎಡ ಬಲಗಳ ಗೊಂದಲ ಉಳಿಯದು. ಸ್ಕ್ಯಾನ್ ಮಾಡಿಸುವವರು ಸಣ್ಣ ಪಟಗಳನ್ನು ಇಂಚಿಗೆ 600 ಬಿಂದುಗಳಂತೆ ಮಾಡಿಸಲಿ. ಮುಖದೊಡನೆ ಬೆನ್ನನ್ನೂ ಮಾಡಿಸಲಿ. ಇದನ್ನು ಮರೆಯುವವರೇ ಹೆಚ್ಚು. ಪ್ರತಿಗಳು ಮೂರು ಇರಲಿ, ಅವುಗಳಲ್ಲೊಂದು ಬೇರೆ ಊರಿನ ನಂಟರ ಮನೆಯಲ್ಲಿರಲಿ. ಹೆಸರುಗಳನ್ನು ಕನ್ನಡದೊಡನೆ ಮಲೆಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯೋಣ. ಅದರಿಂದ ಕನ್ನಡಕ್ಕೆ ಕುಂದಿಲ್ಲ. ಮೊಮ್ಮಕ್ಕಳಿಗೆ ಬಾಗಿಲು ತೆರೆದಂತಾಗುತ್ತದೆ. ಎಲ್ಲಕ್ಕಿಂತ ಮೊದಲು ಮನೆಯ ಅತಿ ಹಿರಿಯರ ಪಕ್ಕದಲ್ಲಿ ಪಟಗಳನ್ನಿಟ್ಟು ಕುಳಿತು, ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಸ್ಕ್ಯಾನರು ಮುಂದಿನ ವರ್ಷವೂ ಸಿಕ್ಕೀತು.

ಇಪ್ಪತ್ತನಾಲ್ಕನೆಯವನು

ನಮ್ಮ ಪಟಕ್ಕೆ ಹಿಂತಿರುಗುವ. ಪಟ್ಟಿಯ ಇಪ್ಪತ್ತಮೂರು ಮಂದಿಯಲ್ಲಿ ಹೆಚ್ಚಿನವರು ಈಗಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬರು ಮಂಗಳೂರಿನಲ್ಲಿ ಮಗಳ ಮನೆಯಲ್ಲಿ ಇದ್ದಾರೆಂದು ವಿಚಾರಿಸಿ ತಿಳಿದು, ಪ್ರತಿಯನ್ನು ತೆಗೆದುಕೊಂಡು ಹೋದೆವು. ಎಂಬತ್ತು ಕಳೆದ ಆಕೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ತನ್ನನ್ನು ಗುರುತಿಸುವ ಮೊದಲೇ ಆ ಹುಡುಗನ ಮೇಲೆ ಬೆರಳಿಟ್ಟರು.

“ಇವ ಶಾಲೆಗೆ ಸೇರಿದವ ಅಲ್ಲ ಮಾರಾಯ್ರೆ. ಬಾವಿಯಿಂದ ನೀರು ಸೇದಿ ನಮಗೆ ಕುಡಿಯಲಿಕ್ಕೆ ತುಂಬಿಸಿಡುತ್ತಿದ್ದ. ಪಟ ತೆಗೆಯುವಾಗ ದೂರ ನಿಂತಿದ್ದ. ಮಾಸ್ತರು ಕರೆದು, ನೀನೂ ಬಾ, ನಿಲ್ಲು ಅಂದರು.”

ಹಾಜರಿಪುಸ್ತಕದಲ್ಲಿಲ್ಲದ ಹೆಸರು ಪಟದ ಬೆನ್ನಿಗೂ ಬರಲಿಲ್ಲವೆಂಬುದು ಆಗ ತಿಳಿಯಿತು. ಆಕೆ ಹೆಸರನ್ನೂ ಹೇಳಿದರು, ಮನೆಯಿದ್ದ ಗುಡ್ಡೆಯನ್ನೂ ಹೇಳಿದರು. ಆ ಹೆಸರನ್ನು ನಾವಿಲ್ಲಿ ಅಚ್ಚುಹಾಕಿಸುವುದಿಲ್ಲ. ಅದು ಮೊದಲು ಅವನ ಮನೆಯವರಿಗೆ ಸಲ್ಲಬೇಕಾದುದು. ಪಟದ ಒಂದು ಪ್ರತಿಯನ್ನು ಅವರಿಗೆ ಮುಟ್ಟಿಸುವ ಏರ್ಪಾಡಾಗಿದೆ.

ಮನೆಗೆ ಬಂದ ಮೇಲೆ ತಮ್ಮನ ಮೊಮ್ಮಗಳು ಪೆನ್ಸಿಲು ಹಿಡಿದು, ರಟ್ಟಿನ ಬೆನ್ನಿನ ಪಟ್ಟಿಯ ಕೊನೆಗೆ ಆ ಹೆಸರನ್ನು ಮಲೆಯಾಳದಲ್ಲಿ ಬರೆದಳು. ಮತ್ತೆ, ಕನ್ನಡದಲ್ಲಿ ಹೇಗೆಂದು ಕೇಳಿ, ನಾವು ಬೇರೆ ಕಾಗದದಲ್ಲಿ ಬರೆದು ತೋರಿಸಿದುದನ್ನು ನೋಡಿಕೊಂಡು ಅದರ ಕೆಳಗೆ ತಾನೇ ಬರೆದಳು. ಅಕ್ಷರಗಳು ಸ್ವಲ್ಪ ಸೊಟ್ಟಗಿವೆ. ನಾವು ಅವನ್ನು ತಿದ್ದಲಿಲ್ಲ.